ಏರ್‌ಗನ್ ಗುರಿ: ಮೊದಲು ಪೆಲೆಟ್, ನಂತರ ಸ್ಕೋಪ್



ಕೊಡಗಿನಲ್ಲಿ ನಾಟಿ ಕೆಲಸ ಮುಗಿದು ಸೆಪ್ಟೆಂಬರ್ ಆರಂಭವಾಗುತ್ತಲೇ ಕೈಲ್‌ಪೊಳ್ದ್ ಹಬ್ಬ ಬರುತ್ತದೆ. ನೇಗಿಲು, ಕತ್ತಿ, ಕೋವಿಗಳನ್ನು ಶುಚಿಗೊಳಿಸಿ, ತೋಕ್‌ಪೂ ಮುಡಿಸಿ ಪೂಜಿಸುವುದು, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಸುವುದು ಅಲ್ಲಿನ ವಾಡಿಕೆ. ಹಲವು ಕಡೆ ಏರ್‌ಗನ್ ಸ್ಪರ್ಧೆಯೂ ಇರುತ್ತದೆ. ಗುರಿ ತಪ್ಪಿದಾಗ ಹೆಚ್ಚಿನವರು ಸ್ಕೋಪಿನ ತಿರುಗಣೆಗೆ ಕೈ ಹಾಕುತ್ತಾರೆ. ಆದರೆ ದೋಷ ಅನೇಕ ವೇಳೆ ಪೆಲೆಟ್‌ನಲ್ಲಿರುತ್ತದೆ.

ಪೆಲೆಟ್‌ನ ಆಯ್ಕೆ

4.5 ಮಿ.ಮೀ. ಪೆಲೆಟ್‌ಗಳಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ. ಚಪ್ಪಟೆ ತಲೆಯವು ಕಾಗದದಲ್ಲಿ ಅಚ್ಚುಕಟ್ಟಾದ ರಂಧ್ರ ಮಾಡುತ್ತವೆ. ಸಮೀಪದ ಗುರಿಗೆ ಇವು ಸೂಕ್ತ. ದುಂಡು ತಲೆಯವು ದೂರದ ಗುರಿಗೆ ಉತ್ತಮ. ಚೂಪು ತಲೆಯವುಗಳ ತುದಿ ಡಬ್ಬಿಯಲ್ಲೇ ಮೊಂಡಾಗುವುದರಿಂದ ಅವನ್ನು ನೆಚ್ಚುವಂತಿಲ್ಲ.

ಒಂದೇ ಮಾದರಿಯ ಎರಡು ಏರ್‌ಗನ್‌ಗಳಿಗೂ ಒಂದೇ ಪೆಲೆಟ್ ಒಗ್ಗಬೇಕೆಂದಿಲ್ಲ. ಆದ್ದರಿಂದ ಬೇರೆ ಬೇರೆ ತೂಕದ ಮೂರು ನಾಲ್ಕು ಬಗೆಗಳನ್ನು ಸ್ವಲ್ಪ ಸ್ವಲ್ಪ ತಂದು ಪರೀಕ್ಷಿಸಿ. ಬಗೆ ಬದಲಿಸಿದಾಗ ಮೊದಲ ಹತ್ತು ಪೆಲೆಟ್‌ಗಳನ್ನು ಲೆಕ್ಕಕ್ಕೆ ಹಿಡಿಯದೆ, ಬಳಿಕ ಐದನ್ನು ಒಂದೇ ಚುಕ್ಕೆಗೆ ಹೊಡೆಯಿರಿ. ಐದೂ ರಂಧ್ರಗಳು ಅತಿ ಹತ್ತಿರ ಬೀಳುವ ಪೆಲೆಟ್ಟೇ ನಿಮ್ಮದು. ಅವು ಚುಕ್ಕೆಯಿಂದ ದೂರ ಬಿದ್ದರೂ ಚಿಂತೆಯಿಲ್ಲ. ಅದನ್ನು ಸ್ಕೋಪ್ ಸರಿಪಡಿಸುತ್ತದೆ. ಚೆದುರಿದ ಗುಂಡುಗಳನ್ನು ಯಾವ ಸ್ಕೋಪೂ ಒಟ್ಟುಗೂಡಿಸಲಾರದು. ಅಂಚು ನೆಗ್ಗಿದ, ಒಮ್ಮೆ ಹೊಡೆದ ಪೆಲೆಟ್‌ಗಳನ್ನು ಬಳಸಬೇಡಿ.

ಸ್ಕೋಪ್ ಹೊಂದಿಸುವ ಕ್ರಮ

ಸ್ಪ್ರಿಂಗ್ ಏರ್‌ಗನ್ ಮೊದಲು ಹಿಂದಕ್ಕೆ, ತಕ್ಷಣ ಮುಂದಕ್ಕೆ ಒದೆಯುತ್ತದೆ. ಈ ಎರಡು ಒದೆತವನ್ನು ತಾಳಲೆಂದೇ ತಯಾರಿಸಿದ ಸ್ಕೋಪನ್ನು ಕೊಳ್ಳಿ. ಸ್ಪರ್ಧೆಯಲ್ಲಿ ಸ್ಕೋಪ್‌ಗೆ ಅವಕಾಶವಿದೆಯೇ ಎಂಬುದನ್ನೂ ಮೊದಲೇ ವಿಚಾರಿಸಿ.

1. ಹಿಡಿಕೆಯ ಸ್ಕ್ರೂಗಳನ್ನು ಸಮನಾಗಿ ಬಿಗಿ ಮಾಡಿ.
2. ಸ್ಪರ್ಧೆಯ ದೂರದಲ್ಲೇ ಕಾಗದದ ಗುರಿ ಇಡಿ. ಸ್ಕೋಪ್ ನಳಿಗೆಗಿಂತ ಮೇಲಿರುವುದರಿಂದ, 15 ಮೀಟರಿಗೆ ಹೊಂದಿಸಿದ ಏರ್‌ಗನ್ 5 ಮೀಟರಿನಲ್ಲಿ ಕೆಳಗೆ ಹೊಡೆಯುತ್ತದೆ.
3. ಏರ್‌ಗನ್ನನ್ನು ಅಂಗೈ ಮೇಲೆ ಹಗುರವಾಗಿ ಇರಿಸಿ. ಬಿಗಿಯಾಗಿ ಹಿಡಿದರೆ ಅಥವಾ ಕಲ್ಲಿಗೆ ಊರಿದರೆ ಗುಂಡು ಬೀಳುವ ಜಾಗ ಬದಲಾಗುತ್ತದೆ.
4. ಐದು ಹೊಡೆದು, ಆ ಗುಂಪಿನ ನಡುವಿನಿಂದ ಚುಕ್ಕೆಗೆ ಅಳೆಯಿರಿ. ಸಾಮಾನ್ಯ ಸ್ಕೋಪಿನ ಒಂದು ಕ್ಲಿಕ್, ಅಂದರೆ 100 ಗಜದಲ್ಲಿ ಕಾಲು ಅಂಗುಲ, 15 ಮೀಟರಿನಲ್ಲಿ ಸುಮಾರು 1 ಮಿ.ಮೀ. ಆಗುತ್ತದೆ. ಗುಂಪು 2 ಸೆಂ.ಮೀ. ಕೆಳಗಿದ್ದರೆ 20 ಕ್ಲಿಕ್ ಮೇಲಕ್ಕೆ ತಿರುಗಿಸಿ.
5. ಮತ್ತೆ ಐದು ಹೊಡೆದು ನೋಡಿ. ಒಂದೊಂದು ಗುಂಡಿಗೂ ತಿರುಗಣೆ ತಿರುಗಿಸಬೇಡಿ.

ಎಚ್ಚರಿಕೆ

ಪೆಲೆಟ್ ಕಣ್ಣನ್ನು ಕಳೆಯಬಲ್ಲದು. ಗುರಿಯ ಹಿಂದೆ ಮಣ್ಣಿನ ದಿಬ್ಬ ಅಥವಾ ಮರಳು ತುಂಬಿದ ಗೋಣಿಚೀಲವಿರಲಿ. ಕಲ್ಲಿಗೆ ತಗುಲಿದ ಪೆಲೆಟ್ ಹಿಂದಕ್ಕೆ ಚಿಮ್ಮುತ್ತದೆ. ಪೆಲೆಟ್ ತುಂಬುವಾಗ ಬಗ್ಗಿಸಿದ ನಳಿಗೆಯನ್ನು ಕೈಬಿಡಬೇಡಿ. ಪೆಲೆಟ್ ಸೀಸದ್ದಾದ್ದರಿಂದ ಬಾಯಲ್ಲಿಟ್ಟುಕೊಳ್ಳಬೇಡಿ; ಕೆಲಸ ಮುಗಿದ ಮೇಲೆ ಕೈ ತೊಳೆಯಿರಿ.

2016ರ ಆಯುಧ ನಿಯಮಗಳ ಪ್ರಕಾರ 4.5 ಮಿ.ಮೀ.ಗಿಂತ ದೊಡ್ಡ ನಳಿಗೆಯ ಅಥವಾ 20 ಜೂಲ್‌ಗಿಂತ ಹೆಚ್ಚು ಶಕ್ತಿಯ ಏರ್‌ಗನ್‌ಗೆ ಪರವಾನಗಿ ಬೇಕು. ಕೊಳ್ಳುವ ಮುನ್ನ ಪೊಲೀಸ್ ಠಾಣೆಯಲ್ಲಿ ವಿಚಾರಿಸುವುದು ಒಳ್ಳೆಯದು.

ಬೆಳೆಗೆ ಬರುವ ಮಂಗ, ನವಿಲು, ಗಿಳಿಗಳ ಮೇಲೆ ಇದನ್ನು ಎತ್ತಲೇಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಇದು ಶಿಕ್ಷಾರ್ಹ ಅಪರಾಧ. ಅಲ್ಲದೆ ಪೆಲೆಟ್ ತಗುಲಿದ ಮಂಗ ತಕ್ಷಣ ಸಾಯುವುದಿಲ್ಲ. ಗಾಯ ಕೊಳೆತು ದಿನಗಟ್ಟಲೆ ನರಳುತ್ತದೆ.

ಏರ್‌ಗನ್ ಕಾಗದಕ್ಕೂ ತೆಂಗಿನಕಾಯಿಗೂ ಮೀಸಲಿರಲಿ. ಹಬ್ಬಕ್ಕೆ ಒಂದು ತಿಂಗಳು ಮುಂಚೆಯೇ ಪೆಲೆಟ್ ಆರಿಸಿಕೊಂಡು ಅಭ್ಯಾಸ ಮಾಡಿದಲ್ಲಿ ಸ್ಪರ್ಧೆಯ ದಿನ ತಿರುಗಣೆ ಮುಟ್ಟುವ ಪ್ರಮೇಯವೇ ಬಾರದು.