ಮುಂಬಯಿ ಕನ್ನಡಿಗರ ಸಂಘಜೀವನ ಮತ್ತು ರಾತ್ರಿಶಾಲೆ

ಕರ್ನಾಟಕದ ಹೊರಗೆ ನೆಲೆಸಿದ ಕನ್ನಡಿಗರ ಚರಿತ್ರೆಯಲ್ಲಿ ಮುಂಬಯಿಗೆ ವಿಶಿಷ್ಟ ಸ್ಥಾನವಿದೆ. ಉತ್ತರ ಕನ್ನಡ ಜಿಲ್ಲೆಯು 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ಧಾರವಾಡ, ಬೆಳಗಾವಿ, ಬಿಜಾಪುರ ಜಿಲ್ಲೆಗಳೂ ಅದೇ ಪ್ರಾಂತದಲ್ಲಿದ್ದವು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಈ ಭಾಗದ ಕನ್ನಡಿಗರಿಗೆ ಮುಂಬಯಿ ಪರದೇಶವಾಗಿರದೆ ರಾಜಧಾನಿಯೇ ಆಗಿತ್ತು. ದಕ್ಷಿಣ ಕನ್ನಡವು ಮದರಾಸು ಪ್ರಾಂತದಲ್ಲಿದ್ದರೂ ಅಲ್ಲಿನ ಜನ ಹೊಟ್ಟೆಪಾಡಿಗಾಗಿ ಹೆಚ್ಚಾಗಿ ಆಶ್ರಯಿಸಿದ್ದು ಮುಂಬಯಿಯನ್ನೇ. ಸಣ್ಣ ಹಿಡುವಳಿ, ಗೇಣಿಯ ಹೊರೆ, ದೊಡ್ಡ ಕುಟುಂಬ ಇವು ಊರಿನಿಂದ ಹೊರದೂಡಿದ ಕಾರಣಗಳಾದರೆ, ಬಂದರು, ಬಟ್ಟೆಗಿರಣಿ, ಕಚೇರಿ ಮತ್ತು ಹೋಟೆಲುಗಳು ಸೆಳೆದ ಕಾರಣಗಳು.

ಹೀಗೆ ಬಂದವನು ಕೆಲಸವನ್ನು ಹುಡುಕುವ ಮೊದಲು ತನ್ನ ಊರಿನವರನ್ನು ಹುಡುಕುತ್ತಿದ್ದನು. ಜೇಬಿನಲ್ಲಿದ್ದ ಒಂದು ವಿಳಾಸವೇ ಅವನ ಬಂಡವಾಳ. ಚಾಳಿನ ಒಂದು ಖೋಲಿಯಲ್ಲಿ ಹಲವರು ಕೂಡಿ ಬಾಳುವುದು, ಒಬ್ಬರು ಕೆಲಸಕ್ಕೆ ಹೋದಾಗ ಇನ್ನೊಬ್ಬರು ಮಲಗುವುದು ಆ ದಿನಗಳ ಸಾಮಾನ್ಯ ಕ್ರಮ. ಹೋಟೆಲಿಗೆ ಸೇರಿದ ಹುಡುಗನಿಗೆ ಊಟವೂ ರಾತ್ರಿ ಮಲಗುವ ಜಾಗವೂ ಅಲ್ಲಿಯೇ ದೊರೆಯುತ್ತಿದ್ದವು. ತಟ್ಟೆ ಲೋಟ ತೊಳೆಯುವುದರಿಂದ ಆರಂಭಿಸಿ ಮಾಣಿಯಾಗಿ, ಗಲ್ಲಾದಲ್ಲಿ ಕುಳಿತು, ಕೊನೆಗೆ ಸ್ವಂತ ಹೋಟೆಲು ತೆರೆದವರಿದ್ದಾರೆ. ಮಾಟುಂಗಾದಲ್ಲಿ 1942ರಲ್ಲಿ ಆರಂಭವಾದ ಎ. ರಾಮ ನಾಯಕ್ ಅವರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಈ ಪರಂಪರೆಯ ಪ್ರಸಿದ್ಧ ನಿದರ್ಶನ. ಆದರೆ ಮೊದಲ ಮೆಟ್ಟಿಲಲ್ಲಿಯೇ ಉಳಿದವರ ಸಂಖ್ಯೆ ಅಲ್ಪವೇನಲ್ಲ ಎಂಬುದನ್ನು ಮರೆಯಲಾಗದು. ಯಶಸ್ಸಿನ ಕಥೆಗಳು ದಾಖಲಾಗುತ್ತವೆ; ಊರಿಗೆ ಕಳುಹಿಸಿದ ಮನಿಯಾರ್ಡರುಗಳ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ವ್ಯಕ್ತಿಯ ಈ ಒಂಟಿತನಕ್ಕೆ ಸಮುದಾಯವು ಕಂಡುಕೊಂಡ ಉತ್ತರವೇ ಸಂಘ. ಕರಾವಳಿಯ ಮೀನುಗಾರ ಸಮುದಾಯದವರು 1902ರಷ್ಟು ಹಿಂದೆಯೇ ಮೊಗವೀರ ವ್ಯವಸ್ಥಾಪಕ ಮಂಡಳಿಯನ್ನು ಕಟ್ಟಿದರು. 1926ರಲ್ಲಿ ಮೈಸೂರು ಅಸೋಸಿಯೇಷನ್, 1932ರಲ್ಲಿ ಬಿಲ್ಲವರ ಅಸೋಸಿಯೇಷನ್, 1933ರಲ್ಲಿ ಕರ್ನಾಟಕ ಸಂಘ ಸ್ಥಾಪನೆಗೊಂಡವು. ಇವುಗಳಲ್ಲಿ ಎರಡು ಬಗೆಗಳಿರುವುದನ್ನು ಗುರುತಿಸಬಹುದು. ಜಾತಿಯನ್ನು ಆಧರಿಸಿದ ಸಂಘಗಳು ಆಶ್ರಯ, ಸಾಲ, ವಿದ್ಯಾರ್ಥಿವೇತನ, ಕಷ್ಟಕಾಲದ ನೆರವು ಮೊದಲಾದ ನಿತ್ಯದ ಅಗತ್ಯಗಳತ್ತ ಗಮನವಿತ್ತವು. ಬಿಲ್ಲವರ ಅಸೋಸಿಯೇಷನ್ನಿನ ಆಸರೆಯಲ್ಲಿ 1978ರಲ್ಲಿ ಭಾರತ್ ಸಹಕಾರಿ ಬ್ಯಾಂಕು ಹುಟ್ಟಿದುದು ಇದೇ ಅಗತ್ಯದಿಂದ. ಭಾಷೆಯನ್ನು ಆಧರಿಸಿದ ಸಂಘಗಳು ನಾಟಕ, ಉಪನ್ಯಾಸ, ಪುಸ್ತಕ ಪ್ರಕಟಣೆ, ನಾಡಹಬ್ಬಗಳ ಮೂಲಕ ಎಲ್ಲರನ್ನೂ ಒಂದೇ ವೇದಿಕೆಗೆ ತಂದವು. ಮೊದಲನೆಯದು ಬದುಕನ್ನು ಉಳಿಸಿದರೆ ಎರಡನೆಯದು ಬದುಕಿಗೆ ಅರ್ಥ ನೀಡಿತು. ಆದರೆ ಜಾತಿಸಂಘದ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ; ಭಾಷಾಸಂಘದ ಸಭಾಂಗಣಕ್ಕೆ ಬರಲು ದುಡಿಯುವವನಿಗೆ ಬಿಡುವಿರಲಿಲ್ಲ.

ಈ ಎರಡರ ನಡುವಿನ ಅಂತರವನ್ನು ತುಂಬಿದ್ದು ರಾತ್ರಿಶಾಲೆ. ಹಗಲು ಹೋಟೆಲಿನಲ್ಲಿಯೋ ಕ್ಯಾಂಟೀನಿನಲ್ಲಿಯೋ ದುಡಿದ ಹುಡುಗರು ಸಂಜೆಯ ನಂತರ ಕೋಟೆ ಪ್ರದೇಶದ ಕನ್ನಡ ರಾತ್ರಿಶಾಲೆಗಳ ಬೆಂಚುಗಳಲ್ಲಿ ಕುಳಿತು ಓದಿದರು. ಇಲ್ಲಿ ಒಂದು ಸಂಗತಿ ಗಮನಾರ್ಹ. ಈ ಹುಡುಗರಲ್ಲಿ ಹೆಚ್ಚಿನವರ ಮನೆಮಾತು ತುಳು ಅಥವಾ ಕೊಂಕಣಿ. ಬೀದಿಯ ಮಾತು ಮರಾಠಿ, ಹಿಂದಿ. ಕನ್ನಡವೆಂದರೆ ಅವರಿಗೆ ಊರಿನ ಶಾಲೆಯಲ್ಲಿ ಅರ್ಧಕ್ಕೆ ನಿಂತ ಓದಿನ ಭಾಷೆ, ತಾಯಿಗೆ ಬರೆಯುವ ಕಾಗದದ ಭಾಷೆ. ಅರ್ಧಕ್ಕೆ ನಿಂತ ಓದನ್ನು ನಿಂತಲ್ಲಿಂದಲೇ ಮುಂದುವರಿಸಲು ಸಾಧ್ಯವಾದುದು ಅದು ಕನ್ನಡ ಮಾಧ್ಯಮದಲ್ಲಿ ದೊರೆತುದರಿಂದ. ಮೆಟ್ರಿಕ್ ಪಾಸಾದವನಿಗೆ ಗುಮಾಸ್ತೆಯ ಹುದ್ದೆಯ ದಾರಿ ತೆರೆಯಿತು. ಒಂದು ಪ್ರಮಾಣಪತ್ರದಿಂದ ಒಂದು ಕುಟುಂಬದ ಸ್ಥಿತಿಯೇ ಬದಲಾಯಿತು.

ಈ ವಾತಾವರಣವೇ ಸಾಹಿತ್ಯಕ್ಕೂ ಓದುಗರನ್ನು ಒದಗಿಸಿತು. ಮುಂಬಯಿಯಲ್ಲಿ ಬಾಳಿದ ವ್ಯಾಸರಾಯ ಬಲ್ಲಾಳ, ಯಶವಂತ ಚಿತ್ತಾಲರು ಕನ್ನಡ ಕಾದಂಬರಿಗೆ ಮಹಾನಗರದ ಅನುಭವವನ್ನು ತಂದರು. ಚಿತ್ತಾಲರ 'ಕಥೆಯಾದಳು ಹುಡುಗಿ' ಸಂಕಲನಕ್ಕೆ 1983ರಲ್ಲಿ, ಬಲ್ಲಾಳರ 'ಬಂಡಾಯ'ಕ್ಕೆ 1986ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಮುಂಬಯಿ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗ ನೆಲೆಗೊಂಡುದೂ ಇದೇ ಜನಸಮುದಾಯದ ಬಲದಿಂದ.

ಕಾಲಕ್ರಮೇಣ ಪರಿಸ್ಥಿತಿ ಬದಲಾಯಿತು. 1982ರ ಗಿರಣಿ ಮುಷ್ಕರದ ತರುವಾಯ ನಗರದ ಕಾರ್ಮಿಕ ಬದುಕು ಹಿಂದಿನಂತೆ ಉಳಿಯಲಿಲ್ಲ. ನೆಲೆಯೂರಿದ ಕುಟುಂಬಗಳು ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದವು. ಮನೆಗಳು ದೂರದ ಉಪನಗರಗಳಿಗೆ ಸರಿದವು. ಹೋಟೆಲುಗಳಲ್ಲಿ 14 ವರ್ಷದೊಳಗಿನ ಮಕ್ಕಳನ್ನು ದುಡಿಸಿಕೊಳ್ಳುವುದು 2006ರ ಅಕ್ಟೋಬರಿನಿಂದ ನಿಷಿದ್ಧವಾಯಿತು. ರಾತ್ರಿಶಾಲೆಯ ಬೆಂಚುಗಳು ಬರಿದಾದುದರಲ್ಲಿ ಒಂದು ಪಾಲು ಸಂತೋಷದ ಸಂಗತಿಯೇ ಸರಿ. ಆ ಮಕ್ಕಳು ಈಗ ಹಗಲಿನಲ್ಲಿ ಓದಬೇಕಾದವರು. ಆದರೆ ಕನ್ನಡದ ಅಕ್ಷರದ ಕೊಂಡಿ ಮೂರನೆಯ ತಲೆಮಾರಿನಲ್ಲಿ ಕಳಚುತ್ತಿರುವುದೂ ಅಷ್ಟೇ ನಿಜ. ಯಕ್ಷಗಾನವನ್ನು ನೋಡಿ ಆನಂದಿಸುವ ಮೊಮ್ಮಗನಿಗೆ ಅಜ್ಜನ ಕಾಗದವನ್ನು ಓದಲು ಬಾರದು.

ಆದ್ದರಿಂದ ಸದ್ಯದ ತುರ್ತು ಅಗತ್ಯವೆಂದರೆ ದಾಖಲೀಕರಣ. ಸಂಘಗಳ ನಡವಳಿ ಪುಸ್ತಕಗಳು, ರಾತ್ರಿಶಾಲೆಗಳ ಹಾಜರಿ ಪಟ್ಟಿಗಳು, ಬೆಳ್ಳಿಹಬ್ಬದ ಸಂಚಿಕೆಗಳು, ಟ್ರಂಕಿನ ತಳದಲ್ಲಿರುವ ಕಾಗದಗಳು ಇವೆಲ್ಲವೂ ಚರಿತ್ರೆಯ ಆಕರಗಳು. ಹಗಲು ದುಡಿದು ರಾತ್ರಿ ಓದಿದ ಹಿರಿಯರು ನಮ್ಮ ನಡುವೆ ಇರುವಾಗಲೇ ಅವರ ಮಾತುಗಳನ್ನು ಬರೆದಿಟ್ಟುಕೊಳ್ಳಬೇಕಾಗಿದೆ. ಹಾಜರಿ ಪಟ್ಟಿಯಲ್ಲಿ ಮಾತ್ರ ಹೆಸರು ಉಳಿದಿರುವ ಆ ಹುಡುಗರನ್ನು ಬಿಟ್ಟು ಹೊರನಾಡ ಕನ್ನಡದ ಚರಿತ್ರೆ ಪೂರ್ಣವಾಗದು.