ಮಗುವಿನ ಹಲ್ಲು ಸೊಟ್ಟಗೇಕೆ? ಅಂಗುಳವನ್ನು ನೋಡಿರಿ

ತಾಯಂದಿರೇ, ನಿಮ್ಮ ಮಗುವನ್ನು ಬೆಳಕಿಗೆ ನಿಲ್ಲಿಸಿ, ಬಾಯಿ ತೆರೆಸಿ ನೋಡಿರಿ. ಮೇಲಿನ ಹಲ್ಲುಸಾಲಿನ ಒಳಗೆ, ಬಾಯಿಗೆ ಸೂರಿನಂತಿರುವ ಭಾಗವೇ ಅಂಗುಳ. ಅದು ಅಗಲವಾಗಿ ಹದವಾದ ಕಮಾನಿನಂತಿದ್ದರೆ ಹಲ್ಲುಗಳಿಗೆ ಎಡೆಯುಂಟು. ತೀರ ಕಿರಿದಾಗಿ, ಎತ್ತರದ ಗೂಡಿನಂತಿದ್ದರೆ ಎಡೆ ಸಾಲದೆ ಹೋಗಬಹುದು.

ಆರೇಳನೆಯ ವರ್ಷದಲ್ಲಿ ಮುಂದಿನ ಹಾಲುಹಲ್ಲುಗಳು ಬಿದ್ದು, ಅವಕ್ಕಿಂತ ಅಗಲವಾದ ಹಲ್ಲುಗಳು ಹುಟ್ಟುತ್ತವೆ. ಹತ್ತು ಎಲೆ ಹಿಡಿಸುವ ಪಡಸಾಲೆಯಲ್ಲಿ ಹದಿನಾಲ್ಕು ಎಲೆ ಹಾಕಿದರೆ ಪಂಕ್ತಿ ನೆಟ್ಟಗಿರುವುದೇ? ಒಬ್ಬರು ಮುಂದೆ, ಒಬ್ಬರು ಹಿಂದೆ ಕೂರಬೇಕಾಗುತ್ತದೆ. ಹಲ್ಲುಗಳ ಪಾಡೂ ಅದೇ. ಒತ್ತಾದ ಸಂದಿಯಲ್ಲಿ ಅಗುಳು ಸಿಕ್ಕಿ, ಉಜ್ಜಿದರೂ ಹೋಗದೆ, ಹುಳುಕಿಗೂ ವಸಡಿನ ಬೇನೆಗೂ ದಾರಿಯಾಗುತ್ತದೆ.

ಅಂಗುಳ ಕಿರಿದಾಗುವುದೇಕೆ? ತಂದೆತಾಯಿಗಳಿಂದ ಬಂದ ದವಡೆಯ ಅಳತೆ ಒಂದು ಕಾರಣ. ಅಭ್ಯಾಸಗಳೂ ಕಾರಣವಾಗಬಹುದು. ಬಾಯಿ ಮುಚ್ಚಿದ್ದಾಗ ನಾಲಿಗೆ ಅಂಗುಳಕ್ಕೆ ತಾಗಿ ಒಳಗಿನಿಂದ ಆಸರೆ ಕೊಡುತ್ತದೆ. ಕೆನ್ನೆಗಳು ಹೊರಗಿನಿಂದ ಒತ್ತುತ್ತವೆ. ಮಗು ಸದಾ ಬಾಯಿಂದ ಉಸಿರಾಡಿದರೆ ನಾಲಿಗೆ ಕೆಳಗಿಳಿದು ಆ ಆಸರೆ ತಪ್ಪುತ್ತದೆ. ಬಹುಕಾಲ ಹೆಬ್ಬೆರಳು ಚೀಪಿದರೂ ಹಾಗೆಯೇ. ಜೊತೆಗೆ ಮೇಲಿನ ಹಲ್ಲುಗಳು ಮುಂದಕ್ಕೆ ಉಬ್ಬುತ್ತವೆ.

ಆದ್ದರಿಂದ ಈ ಮಾತುಗಳನ್ನು ನೆನಪಿಡಿರಿ:

1. ಎಳೆಗೂಸು ಬೆರಳು ಚೀಪುವುದು ಸಹಜ. ನಾಲ್ಕು ವರ್ಷ ಕಳೆದರೂ ಬಿಡದಿದ್ದರೆ ನಯವಾಗಿ ಬಿಡಿಸಿರಿ, ಹೊಡೆಯಬೇಡಿರಿ.

2. ಮಗು ಬಾಯಿ ತೆರೆದೇ ಮಲಗಿ ಗೊರಕೆ ಹೊಡೆಯುತ್ತಿದ್ದರೆ ಮೂಗಿನ ಹಿಂದಿನ ಗ್ರಂಥಿ ಊದಿರಬಹುದು. ವೈದ್ಯರಿಗೆ ತೋರಿಸಿರಿ.

3. ಬೀಳುವ ಹಲ್ಲೆಂದು ಹಾಲುಹಲ್ಲಿನ ಹುಳುಕನ್ನು ಅಲಕ್ಷಿಸಬೇಡಿರಿ. ದವಡೆಯ ಹಾಲುಹಲ್ಲು ಅಕಾಲದಲ್ಲಿ ಹೋದರೆ ಪಕ್ಕದ ಹಲ್ಲು ಆ ಜಾಗಕ್ಕೆ ವಾಲಿ, ಮುಂದೆ ಬರುವ ಹಲ್ಲಿಗೆ ದಾರಿ ಕಟ್ಟುತ್ತದೆ.

4. ಏಳನೆಯ ವರ್ಷದ ಹೊತ್ತಿಗೆ ಒಮ್ಮೆ ದಂತವೈದ್ಯರಿಗೆ ತೋರಿಸಿರಿ.

ಇಷ್ಟು ಬೇಗ ಏಕೆ ಎನ್ನುವಿರಾ? ಅಂಗುಳದ ಮೂಳೆ ಎರಡು ಹೋಳಾಗಿದ್ದು ನಡುವೆ ಬೆಸುಗೆಯಿದೆ. ಎಳೆಯ ವಯಸ್ಸಿನಲ್ಲಿ ಅದು ಗಟ್ಟಿಯಾಗಿರುವುದಿಲ್ಲ. ಆಗ ವೈದ್ಯರು ತಿರುಪು ಇರುವ ಸಣ್ಣ ಸಾಧನವನ್ನು ಕೂಡಿಸಿ, ದಿನದಿನಕ್ಕೆ ಕೊಂಚಕೊಂಚವಾಗಿ ಅಂಗುಳವನ್ನು ಅಗಲಿಸಬಲ್ಲರು. ಪ್ರಾಯ ಬಂದ ಮೇಲೆ ಬೆಸುಗೆ ಬಿಗಿಯುತ್ತದೆ. ಕೆಲವರಿಗೆ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ಎಲ್ಲ ಸೊಟ್ಟಹಲ್ಲಿಗೂ ಈ ಸಾಧನ ಬೇಕಿಲ್ಲ. ಯಾರಿಗೆ ಬೇಕೆಂಬುದನ್ನು ವೈದ್ಯರೇ ಹೇಳಬೇಕು.

ಸೊಟ್ಟಹಲ್ಲನ್ನು ಹಣೆಬರಹವೆಂದು ಕೈಬಿಡಬೇಡಿರಿ. ಗಿಡವಾಗಿದ್ದಾಗ ಬಗ್ಗುವುದು ಮರವಾದಾಗ ಬಗ್ಗೀತೇ? ಬಾಯಿಗೆ ಕೈ ಅಡ್ಡ ಹಿಡಿಯದೆ ನಿಮ್ಮ ಮಗು ನಗುವಂತಾಗಲಿ.