ನಾಯಿ ಕಲಿಸಿದ ಪಾಠ

ಇಂಗ್ಲೆಂಡಿನಲ್ಲಿ ಮಗಳ ಮನೆಯಲ್ಲಿದ್ದಾಗ ಒಂದು ಬೆಳಿಗ್ಗೆ ಮೊಮ್ಮಗನ ಪ್ರಾಥಮಿಕ ಶಾಲೆಗೆ ನಾನೂ ಹೋಗಿದ್ದೆ. ಅಂದು ತರಗತಿಗೆ ಪಾಠ ಹೇಳಲು ಬಂದವರು ಕಣ್ಣು ಕಾಣದ ಒಬ್ಬ ಹಿರಿಯ ಮಹಿಳೆ. ಜೊತೆಗೆ ಅವರಿಗೆ ದಾರಿ ತೋರುವ ಲ್ಯಾಬ್ರಡಾರ್ ನಾಯಿ.

ನಾಯಿ ಒಳಗೆ ಬಂದೊಡನೆ ಪುಟ್ಟ ಕೈಗಳೆಲ್ಲ ಒಟ್ಟಿಗೆ ಮುಂದೆ ಚಾಚಿದವು. ಆಕೆ ನಕ್ಕು, “ಇದರ ಬೆನ್ನಿನ ಮೇಲೆ ಈ ಹಿಡಿ ಇರುವತನಕ ಇದು ಕೆಲಸದಲ್ಲಿದೆ. ಆಗ ಇದನ್ನು ಮುಟ್ಟಬಾರದು, ಕರೆಯಬಾರದು, ತಿಂಡಿ ಕೊಡಬಾರದು. ಇದರ ಗಮನ ತಪ್ಪಿದರೆ ಎಡವುವವಳು ನಾನು” ಎಂದರು. ಚಾಚಿದ ಕೈಗಳು ಹಿಂದೆ ಸರಿದವು.

“ದೀಪ ಹಸಿರಾದುದು ನಾಯಿಗೆ ಹೇಗೆ ತಿಳಿಯುತ್ತದೆ?” ಎಂದು ಒಬ್ಬ ಹುಡುಗಿ ಕೇಳಿದಳು. ನನ್ನ ಮನಸ್ಸಿನಲ್ಲಿದ್ದುದೂ ಅದೇ ಪ್ರಶ್ನೆ. ತಿಳಿಯುವುದಿಲ್ಲವೆಂಬುದೇ ಉತ್ತರ! ನಾಯಿಯ ಕಣ್ಣು ಕೆಂಪು ಹಸಿರುಗಳನ್ನು ಸರಿಯಾಗಿ ಬೇರ್ಪಡಿಸಲಾರದು. ವಾಹನಗಳ ಸದ್ದಿಗೆ ಕಿವಿಗೊಟ್ಟು, ಯಾವಾಗ ದಾಟಬೇಕೆಂದು ನಿರ್ಧರಿಸುವವರು ಆಕೆ. ಕಂಬ, ಗುಂಡಿಗಳನ್ನು ತಪ್ಪಿಸಿ ನಡೆಸುವುದು, ಮೆಟ್ಟಿಲು ಬಂದಾಗ ನಿಲ್ಲುವುದು ನಾಯಿಯ ಕೆಲಸ. ಆದರೆ ಮುಂದೆ ನಡೆಯೆಂದಾಗ ಎದುರಿಗೆ ವಾಹನ ಬರುತ್ತಿದ್ದರೆ ಅದು ಅಪ್ಪಣೆಯನ್ನು ಮೀರಿ ನಿಲ್ಲಬೇಕು. ವಿಧೇಯತೆಯೊಡನೆ ಈ ಅವಿಧೇಯತೆಯನ್ನೂ ಅದಕ್ಕೆ ಕಲಿಸಿರುತ್ತಾರೆ.

ಈ ವಿದ್ಯೆ ವ್ಯವಸ್ಥಿತವಾಗಿ ಬೆಳೆದುದು ಯುದ್ಧದ ದುಃಖದಿಂದ. ಮೊದಲನೆಯ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1916ರಲ್ಲಿ ಜರ್ಮನಿಯ ಓಲ್ಡನ್‌ಬರ್ಗಿನಲ್ಲಿ ಇಂಥ ನಾಯಿಗಳ ಶಾಲೆ ತೆರೆಯಿತು. ಬ್ರಿಟನ್ನಿನಲ್ಲಿ ಮ್ಯೂರಿಯಲ್ ಕ್ರುಕ್, ರೋಸಮಂಡ್ ಬಾಂಡ್ ಎಂಬ ಇಬ್ಬರು ಮಹಿಳೆಯರ ಶ್ರಮದಿಂದ 1931ರಲ್ಲಿ ವಾಲಸಿಯಲ್ಲಿ ಮೊದಲ ನಾಲ್ಕು ನಾಯಿಗಳು ಸಿದ್ಧವಾದವು: ಜೂಡಿ, ಫ್ಲ್ಯಾಷ್, ಫಾಲಿ, ಮೆಟಾ. 1934ರಲ್ಲಿ ಅದಕ್ಕೆಂದೇ ಒಂದು ಸಂಘ ಸ್ಥಾಪಿತವಾಯಿತು.

“ನಿಮಗೆ ನಾವು ಹೇಗೆ ಸಹಾಯ ಮಾಡಬೇಕು?” ಎಂದು ಇನ್ನೊಂದು ಮಗು ಕೇಳಿತು. “ಮೊದಲು ನನ್ನನ್ನು ಕೇಳಿ. ಕೈ ಹಿಡಿದು ಎಳೆಯಬೇಡಿ” ಎಂದರು ಆಕೆ.

ಆ ಮಾತು ನನ್ನನ್ನು ಚುಚ್ಚಿತು. ಎಷ್ಟೋ ವರ್ಷಗಳ ಹಿಂದೆ ಮೈಸೂರಿನಲ್ಲಿ ರಸ್ತೆಯಂಚಿನಲ್ಲಿ ನಿಂತಿದ್ದ ಅಂಧರೊಬ್ಬರ ತೋಳು ಹಿಡಿದು, ಒಂದು ಮಾತೂ ಕೇಳದೆ ಆಚೆ ದಾಟಿಸಿದ್ದೆ. “ತಮ್ಮ ಬರುವತನಕ ಅಲ್ಲಿಯೇ ನಿಂತಿರಬೇಕಾಗಿತ್ತು, ಸ್ವಾಮಿ” ಎಂದು ಅವರು ಮೆಲ್ಲನೆ ಹೇಳಿದರು. ಪರೋಪಕಾರದ ಹೆಮ್ಮೆಯಲ್ಲಿದ್ದ ನಾನು ಆಗ ಉಪಾಧ್ಯಾಯ. ಮಕ್ಕಳಿಗೆ ದಯೆಯ ಪಾಠ ಹೇಳುತ್ತಿದ್ದೆ. ದಯೆಗೂ ಅನುಮತಿ ಬೇಕೆಂಬುದನ್ನು ಮಾತ್ರ ನಾನೇ ಕಲಿತಿರಲಿಲ್ಲ.

ಪಾಠ ಮುಗಿಯಿತು. ಆಕೆ ನಾಯಿಯ ಬೆನ್ನಿನಿಂದ ಹಿಡಿಯನ್ನು ಕಳಚಿದರು. ಅದು ಮೈ ಕೊಡವಿ, ಬಾಲವಾಡಿಸುತ್ತ ಸಾಮಾನ್ಯ ನಾಯಿಯಾಯಿತು. ಎಲ್ಲರಿಗಿಂತ ಮುಂದಿದ್ದ ನನ್ನ ಮೊಮ್ಮಗ ಕೈ ಚಾಚಿದವನು ಅರ್ಧದಲ್ಲಿಯೇ ತಡೆದು ಕೇಳಿದ: “ಈಗ ಮುಟ್ಟಬಹುದೆ?”